ಮಿರಜಿನ ಸೇನಾಪತಿ ಬರೆಯದೆ ಬಿಟ್ಟ ಆತ್ಮಕಥೆ

ತೋಪಿಗೆ ಮದ್ದು ತುಂಬಿದರು, ಗುಂಡು ಇಳಿಸಿದರು. ಆಮೇಲೆ ಗೋಲಂದಾಜರೆಲ್ಲ ಸುತ್ತ ಕೂತು ಹುಕ್ಕಾ ಸೇದುತ್ತ ಅರ್ಧ ತಾಸು ಹರಟೆ ಹೊಡೆದರು. ಎದ್ದು ಒಂದು ಸಲ ಹಾರಿಸಿದರು, ಧೂಳು ಚೆನ್ನಾಗಿ ಎದ್ದರೆ ಖುಷಿಪಟ್ಟರು, ಮತ್ತೆ ತುಂಬಿದರು, ಮತ್ತೆ ಕೂತರು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಕೋಟೆಯೊಳಗಿನವರೂ ಹೊರಗಿನವರೂ ಊಟದ ಹೊತ್ತೆಂದು ಗುಂಡು ಹಾರಿಸುವುದನ್ನೇ ನಿಲ್ಲಿಸುತ್ತಿದ್ದರು!

ಇದು ನಮ್ಮ ಧಾರವಾಡ. 1790ರ ಸೆಪ್ಟೆಂಬರಿನಲ್ಲಿ ಶುರುವಾದ ಮುತ್ತಿಗೆ. ಒಳಗೆ ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್, ಹೊರಗೆ ಮರಾಠರ ಸೇನಾಪತಿ ಪರಶುರಾಮಭಾವು ಪಟವರ್ಧನ. ಇದನ್ನು ಕಣ್ಣಾರೆ ಕಂಡು ಬರೆದವನು ಎಡ್ವರ್ಡ್ ಮೂರ್, ಭಾವು ಜೊತೆ ಬಂದಿದ್ದ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿಯಲ್ಲಿದ್ದ, ಇಪ್ಪತ್ತರ ಆಚೀಚಿನ ಹುಡುಗ. ಮುಂದೆ ಶಿವಮೊಗ್ಗದ ಬಳಿಯ ಗಾಜನೂರಿನ ಕಾಳಗದಲ್ಲಿ ಗಾಯಗೊಂಡ ಆತ 1794ರಲ್ಲಿ ಲಂಡನ್ನಿನಲ್ಲಿ ದಪ್ಪನೆಯ ಪುಸ್ತಕ ಅಚ್ಚು ಹಾಕಿಸಿದ. ಅದರ ಹೆಸರಿನಲ್ಲೇ ಪರಶುರಾಮಭಾವು ಇದ್ದಾನೆ. ಮಿರಜಿನ ಸೀಮೆಯ ಸೇನಾಪತಿಯೊಬ್ಬ ಬದುಕಿರುವಾಗಲೇ ಲಂಡನ್ನಿನ ಪುಸ್ತಕದಂಗಡಿ ಸೇರಿದ್ದ!

ಅಮೆರಿಕದ ಜನರಲ್‌ಗಳ ಆತ್ಮಕಥೆಗಳನ್ನು ಓದಿದವರಿಗೆ ಇಲ್ಲೊಂದು ಪ್ರಶ್ನೆ ಏಳಲೇಬೇಕು. ಅಲ್ಲಿ ಅಂತರ್ಯುದ್ಧ ಮುಗಿದು ಹತ್ತು ವರ್ಷಕ್ಕೆ, 1875ರಲ್ಲಿ, ಶರ್ಮನ್ ತನ್ನ ನೆನಪುಗಳನ್ನು ಪ್ರಕಟಿಸಿದ. ಗ್ರಾಂಟ್‌ನದಂತೂ ಎದೆ ಹಿಂಡುವ ಕಥೆ. ದಿವಾಳಿಯಾಗಿ, ಗಂಟಲಿನ ಕ್ಯಾನ್ಸರಿನಿಂದ ಮಾತೇ ಬಾರದಂತಾಗಿ, ಹೆಂಡತಿ ಜೂಲಿಯಾ ಬೀದಿಪಾಲಾಗಬಾರದೆಂದು ಅವನು ಬರೆಯುತ್ತಲೇ ಹೋದ. ಬರೆದು ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ತೀರಿಕೊಂಡ. ಪ್ರಕಟಿಸಿದ್ದು ಮಾರ್ಕ್ ಟ್ವೇನ್‌ನ ಸಂಸ್ಥೆ. ಜೂಲಿಯಾಳಿಗೆ ಸಿಕ್ಕ ಗೌರವಧನ ನಾಲ್ಕು ಲಕ್ಷ ಡಾಲರಿಗೂ ಹೆಚ್ಚು. ಹಾಗಾದರೆ ನಮ್ಮ ಸೇನಾಪತಿಗಳು ಏನು ಬರೆದರು? ಬರೆಯುವ ರೂಢಿಯೇ ಇರಲಿಲ್ಲವೇ?

ಇತ್ತು! ದಿನದಿನವೂ ಬರೆದರು, ಡೇರೆಯೊಳಗೆ, ದಂಡು ಇಳಿದಲ್ಲೆಲ್ಲ. ಆದರೆ ಪುಸ್ತಕವನ್ನಲ್ಲ, ಕಾಗದಗಳನ್ನು. ಎಷ್ಟು ಕಾಳುಕಡಿ ಉಳಿದಿದೆ, ಸವಾರರ ಸಂಬಳ ಎಷ್ಟು ಬಾಕಿ, ಪುಣೆಯಲ್ಲಿ ಪೇಶ್ವೆಯ ಮಂತ್ರಿ ನಾನಾ ಫಡ್ನವೀಸನ ಮನಸ್ಸು ಯಾವ ಕಡೆ ವಾಲಿದೆ, ಎಲ್ಲವೂ ಮೋಡಿ ಲಿಪಿಯ ಮರಾಠಿಯಲ್ಲಿ ಮನೆಗೆ, ಮಿರಜಿಗೆ, ತಾಸಗಾಂವಿಗೆ ಹರಿಯಿತು. ಮುದುಕನಾದ ಮೇಲೆ ನೆನಪು ಮಾಡಿಕೊಂಡು ಬರೆದಾಗ ಸೋಲಿಗೊಂದು ಸಮರ್ಥನೆ ತಾನಾಗಿ ಬಂದು ಸೇರುತ್ತದೆ. ನಾಳೆ ಏನಾಗುತ್ತದೆಂದು ಬರೆಯುವವನಿಗೇ ಗೊತ್ತಿಲ್ಲದ ಕಾಗದದಲ್ಲಿ ಅದಕ್ಕೆ ಜಾಗವಿಲ್ಲ. ಆದ್ದರಿಂದಲೇ, ನನ್ನ ಮಟ್ಟಿಗೆ, ಈ ರಾಶಿ ಶರ್ಮನ್‌ನ ಎರಡು ಸಂಪುಟಗಳಿಗಿಂತ ದೊಡ್ಡ ನಿಧಿ.

ಆ ನಿಧಿಯನ್ನು ಅಗೆದು ತೆಗೆದವರು ಯಾರು ಗೊತ್ತೇ? ಮಿರಜ್ ಹೈಸ್ಕೂಲಿನ ಸಂಸ್ಕೃತ ಮಾಸ್ತರರು! ವಾಸುದೇವಶಾಸ್ತ್ರಿ ಖರೆ. ಗ್ರಾಂಟ್ ಪೆನ್ಸಿಲು ಹಿಡಿದು ಸಾವಿನೊಂದಿಗೆ ಸೆಣಸುತ್ತಿದ್ದ ಕಾಲಕ್ಕೆ ಈ ಮನುಷ್ಯ ಮಿರಜಿನಲ್ಲಿ ಮಕ್ಕಳಿಗೆ ಸಂಸ್ಕೃತ ಕಲಿಸುತ್ತಿದ್ದರು. ಪಟವರ್ಧನರ ದಫ್ತರದ ಗಂಟುಗಳನ್ನು ಬಿಚ್ಚಿ, ಮೋಡಿಯ ಒಂದೊಂದೇ ಎಳೆ ಹಿಡಿದು ಓದಿ, ತಾರೀಖು ಹೊಂದಿಸಿ, 1897ರಿಂದ ‘ಐತಿಹಾಸಿಕ ಲೇಖ ಸಂಗ್ರಹ’ವೆಂದು ಸಂಪುಟದ ಮೇಲೆ ಸಂಪುಟ ತಂದರು. 1924ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಅಮೆರಿಕದಲ್ಲಿ ಅಂತರ್ಯುದ್ಧದ ಸರಕಾರಿ ಕಾಗದಗಳು 1880ರಿಂದ 1901ರವರೆಗೆ 128 ಪುಸ್ತಕಗಳಾಗಿ ಬಂದವು, ಅದಕ್ಕೆ ಒಂದು ಸರಕಾರವೇ ಬೆನ್ನಿಗಿತ್ತು. ಇಲ್ಲಿ ಒಬ್ಬ ಮಾಸ್ತರು!

ಭಾವು ದಂಡಿನ ಜಾಡು ಹಿಡಿದು ಹೋದರೆ ಸಿಗುವ ಊರುಗಳೆಲ್ಲ ನಮ್ಮವೇ. 1791ರ ಮೇ ತಿಂಗಳಲ್ಲಿ, ಟಿಪ್ಪುವಿನ ವಿರುದ್ಧ ಮರಾಠರ ಜೊತೆಗೂಡಿದ್ದ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಹೋಗಿಯೂ ಹಿಮ್ಮೆಟ್ಟಿದ್ದ. ಎಳೆಯಲು ಎತ್ತುಗಳಿಲ್ಲದೆ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಹಾಕಿದ್ದ, ದಂಡಿಗೆ ಅನ್ನವಿರಲಿಲ್ಲ. ಅಷ್ಟರಲ್ಲಿ ಮೇಲುಕೋಟೆಯ ದಿಕ್ಕಿನಿಂದ ಸವಾರರು ಕಾಣಿಸಿದರು. ಶತ್ರುವೇ ಎಂದುಕೊಂಡರು, ನೋಡಿದರೆ ಮರಾಠಾ ಸರದಾರ ಹರಿಪಂತ ಫಡಕೆ ಮತ್ತು ಪರಶುರಾಮಭಾವು! ಅವರ ಜೊತೆ ಒಂದು ಊರಿಗೆ ಊರೇ ನಡೆದು ಬಂದಿತ್ತು. ದಂಡಿನ ಬಜಾರಿನಲ್ಲಿ ಧಾನ್ಯ ಬಿಡಿ, ಕಾಶ್ಮೀರದ ಶಾಲು, ಇಂಗ್ಲೆಂಡಿನ ಉಣ್ಣೆಬಟ್ಟೆ, ಬರ್ಮಿಂಗ್‌ಹ್ಯಾಮಿನ ಚಾಕು ಕೂಡ ಸಿಗುತ್ತಿತ್ತು. ಹಸಿದ ಇಂಗ್ಲಿಷರು ದುಬಾರಿ ಬೆಲೆ ತೆತ್ತು ಉಂಡರು.

ಅದೇ ವರ್ಷ ಮರಾಠಾ ಸವಾರರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಆ ಸಂದರ್ಭದಲ್ಲಿ ಮಠದ ಸ್ವಾಮಿಗಳಿಗೆ ಟಿಪ್ಪು ಬರೆದ ಕನ್ನಡದ ಪತ್ರಗಳನ್ನು ಮೈಸೂರಿನ ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದರು. ಭಾವು ಚರಿತ್ರೆ ಬರೆಯುವವರು ಈ ಪುಟವನ್ನು ಹಾರಿಸಿ ಹೋಗುವಂತಿಲ್ಲ. ಮಿರಜಿನ ಕಾಗದಗಳನ್ನೂ ಶೃಂಗೇರಿಯ ಕಾಗದಗಳನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡಾಗಲೇ ಇಡೀ ಮನುಷ್ಯ ಕಾಣುತ್ತಾನೆ. 1795ರಲ್ಲಿ ಖರ್ಡಾದಲ್ಲಿ ನಿಜಾಮನ ವಿರುದ್ಧ ಇಡೀ ಮರಾಠಾ ಸೈನ್ಯಕ್ಕೆ ಭಾವುವೇ ಮುಖ್ಯಸ್ಥ. 1799ರ ಸೆಪ್ಟೆಂಬರಿನಲ್ಲಿ ಕೊಲ್ಹಾಪುರದವರೊಂದಿಗಿನ ಪಟ್ಟಣಕುಡಿ ಕಾಳಗದಲ್ಲಿ ಬಿದ್ದ.

ಭಾವುವಿನ ಮಿರಜ್ ಸೀಮೆಯ ಹಳ್ಳಿಗಳಲ್ಲಿ ಮರಾಠಿ, ಕನ್ನಡ ಎರಡೂ ಕಿವಿಗೆ ಬೀಳುತ್ತವೆ. ಪಟವರ್ಧನರ ಸಂಸ್ಥಾನಗಳೂ ಹಾಗೆಯೇ ಎರಡೂ ನುಡಿಗಳ ಮೇಲೆ ಹರಡಿದ್ದವು: ಲಕ್ಷ್ಮೇಶ್ವರ ಮಿರಜಿಗೆ, ಶಿರಹಟ್ಟಿ, ತೇರದಾಳ ಸಾಂಗಲಿಗೆ, ಜಮಖಂಡಿ ಭಾವು ವಂಶಕ್ಕೆ. ಭಾವು ಚರಿತ್ರೆ ಬರೆಯಲು ಖರೆಯವರ ಮರಾಠಿಯೂ ಬೇಕು, ಧಾರವಾಡ, ಗಾಜನೂರು, ಮೇಲುಕೋಟೆಗಳ ನೆಲದ ಪರಿಚಯವೂ ಬೇಕು. ಎರಡೂ ನುಡಿ ಬಲ್ಲ ಈ ಗಡಿಯ ಮಕ್ಕಳಲ್ಲಿ ಯಾರಾದರೂ ಮೊದಲು ಮೋಡಿ ಕಲಿಯಲಿ, ಖರೆಯವರ ಸಂಪುಟ ಒಂದನ್ನು ಕೈಗೆತ್ತಿಕೊಳ್ಳಲಿ, ಧಾರವಾಡದ ಮುತ್ತಿಗೆಯ ವರ್ಷದ ಕಾಗದಗಳಿಂದಲೇ ಶುರುಮಾಡಲಿ.