ಸಂದರ್ಶನ: ಮನೆಯಲ್ಲೋ, ಶಾಲೆಯಲ್ಲೋ?

ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅವಳಿಗೆ ದಾರಿ ಒಂದೇ. ಈ ತಾಲ್ಲೂಕುಗಳಿಂದ ಮಗುವನ್ನು ದೂರದ ವಸತಿ ಶಾಲೆಗೆ ಸೇರಿಸಹೊರಟ ಪೋಷಕರಿಗೆ ಕೆಲವೆಡೆ ಎರಡು: ಶಾಲೆಗೆ ಹೋಗುವುದು, ಇಲ್ಲವೇ 2020ರ ಕೊರೊನಾ ಕಾಲ ರೂಢಿಸಿದ ಮೊಬೈಲ್ ಸಂದರ್ಶನ.

ಮನೆಯಲ್ಲೇ ಆದರೆ ಬಸ್ ಚಾರ್ಜು, ಒಂದು ದಿನದ ಕೂಲಿ ಉಳಿಯುತ್ತದೆ. ಆದರೆ ಮೊಬೈಲಿನ ಕ್ಯಾಮೆರಾ ಇರುವುದು ಪರದೆಯ ಮೇಲಂಚಿನಲ್ಲಿ. ಪರದೆಯಲ್ಲಿನ ಮುಖ ನೋಡಿ ಉತ್ತರಿಸುವ ಮಗು ಅತ್ತಲಿನವರಿಗೆ ದೃಷ್ಟಿ ತಗ್ಗಿಸಿದಂತೆ ಕಾಣುತ್ತದೆ. ನೆಟ್‌ವರ್ಕ್ ಕೈಕೊಟ್ಟರೆ ಉತ್ತರ ತಡವಾಗಿ ತಲುಪಿ, ಚುರುಕಾದ ಮಗುವೂ ಮಂಕೆನಿಸೀತು. ಮೊಬೈಲನ್ನು ಕಣ್ಣಿನ ಮಟ್ಟದಲ್ಲಿಟ್ಟು, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಕೂರಿಸುವುದು ಮೇಲು.

ಶಾಲೆಗೇ ಹೋದರೆ ಪೋಷಕರೂ ಶಾಲೆಯನ್ನು ಸಂದರ್ಶಿಸಬಹುದು! ಶೌಚಾಲಯದಲ್ಲಿ ನೀರಿದೆಯೇ, ಅಡುಗೆಮನೆ ಶುಚಿಯಾಗಿದೆಯೇ, ಪ್ರಯೋಗಾಲಯಕ್ಕೆ ಸದಾ ಬೀಗವೇ? ಇವನ್ನು ಪರದೆ ತೋರಿಸದು.

ಮರೆಯಬಾರದ ಮಾತೊಂದಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ವಿನಾಯಿತಿಯುಳ್ಳ ಕೆಲವು ಸಂಸ್ಥೆಗಳ ಹೊರತು, 6ರಿಂದ 14 ವರ್ಷದ ಮಕ್ಕಳನ್ನಾಗಲಿ ಅವರ ಪೋಷಕರನ್ನಾಗಲಿ ಸಂದರ್ಶಿಸಿ ಜರಡಿ ಹಿಡಿಯುವಂತಿಲ್ಲ. ಮೊದಲ ತಪ್ಪಿಗೆ ದಂಡ 25,000 ರೂಪಾಯಿವರೆಗೆ.

ಪರಿಚಯದ ಮಾತುಕತೆ ಮೊಬೈಲಿನಲ್ಲೇ ಮುಗಿಯಲಿ. ಫೀಸು ಕಟ್ಟುವ ಮುನ್ನ ಮಾತ್ರ, ಒಂದು ದಿನದ ಕೂಲಿ ಹೋದರೂ ಸರಿಯೇ, ಮಗುವಿನ ಕೈಹಿಡಿದು ಶಾಲೆಯನ್ನೊಮ್ಮೆ ನೋಡಿಬರುವುದು ಲೇಸು.