ಡಿವೈ ಬೈ ಡಿಎಕ್ಸ್ ಆಲೆಟ್ಟಿಯ ಅಂಗಳದಲ್ಲೇ ಉಂಟು!

ಆಲೆಟ್ಟಿ: ಬಸ್ಸಿನಲ್ಲಿ ಡ್ರೈವರನ ಮುಂದಿರುವ ಸ್ಪೀಡಿನ ಮುಳ್ಳನ್ನು ನೋಡದವರು ಯಾರಿದ್ದಾರೆ? (ಮುಳ್ಳು ಕೆಲಸ ಮಾಡುತ್ತಿದ್ದರೆ ಎಂಬುದು ಬೇರೆ ಮಾತು!) ಅರ್ಧ ಗಂಟೆಯಲ್ಲಿ 12 ಕಿ.ಮೀ. ಓಡಿದ ಬಸ್ಸಿನ ಸರಾಸರಿ ವೇಗ ಗಂಟೆಗೆ 24 ಕಿ.ಮೀ. ಎಂದು ಹೈಸ್ಕೂಲಿನ ಹುಡುಗ ಬಾಯಲ್ಲೇ ಹೇಳುತ್ತಾನೆ. ಆದರೆ ತಿರುವಿನಲ್ಲಿ ಮುಳ್ಳು 10ಕ್ಕೆ ಇಳಿದಿತ್ತು, ನೇರ ರಸ್ತೆಯಲ್ಲಿ 40ಕ್ಕೆ ಏರಿತ್ತು. ಆ ಒಂದು ಕ್ಷಣದ ವೇಗವನ್ನು ಹಿಡಿಯುವ ಲೆಕ್ಕವೇ ‘ಡಿಫರೆನ್ಶಿಯೇಷನ್’. ಕನ್ನಡದಲ್ಲಿ ಅವಕಲನ.

ಇಷ್ಟು ಸರಳವಾದದ್ದು ಮಕ್ಕಳಿಗೆ ಯಾಕೆ ಭೂತವಾಗಿ ಕಾಣುತ್ತದೆ? ಕೇರಳದ ಗಡಿಗೆ ತಾಗಿದ ಈ ಕಡೆಯ ಮಕ್ಕಳಿಗೆ ಮನೆಯಲ್ಲಿ ತುಳು, ಅರೆಭಾಷೆ ಅಥವಾ ಮಲಯಾಳ. ಸರಕಾರಿ ಶಾಲೆಯಲ್ಲಿ ಕನ್ನಡ. ಪಿಯುಸಿ ಸೈನ್ಸಿಗೆ ಸೇರಿದ ಕೂಡಲೇ ಇಂಗ್ಲಿಷ್. ಲೆಕ್ಕವೂ ಹೊಸತು, ಭಾಷೆಯೂ ಹೊಸತು. ಅರ್ಥವಾಗದೆ ಸೂತ್ರ ಬಾಯಿಪಾಠ ಮಾಡಿದವನು ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಕಕ್ಕಾಬಿಕ್ಕಿ. ‘ಸೈನ್ಸ್ ನಮಗೆ ಹೇಳಿದ್ದಲ್ಲ’ ಎಂದು ಕೈಬಿಟ್ಟರೆ ಮುಂದೆ ಇಂಜಿನಿಯರಿಂಗಿನ ಬಾಗಿಲು ಮುಚ್ಚಿದಂತೆಯೇ.

ಪಾಠಕ್ಕೆ ಬೇಕಾದ ಸಾಮಾನಿಗೆ ಪೇಟೆಗೆ ಓಡಬೇಕಾಗಿಲ್ಲ. ಅಡಿಕೆ ಉಂಟಲ್ಲ! ಸಾಲಿಗೆ ಹತ್ತರಂತೆ ಹತ್ತು ಸಾಲು ಇಟ್ಟರೆ 100 ಅಡಿಕೆಯ ಚೌಕ. ಅದನ್ನು ಹನ್ನೊಂದರ ಚೌಕ ಮಾಡಲು ಎಷ್ಟು ಬೇಕು? ಒಂದು ಬದಿಗೆ 10, ಇನ್ನೊಂದು ಬದಿಗೆ 10, ಮೂಲೆಗೆ 1. ಒಟ್ಟು 21. ಇನ್ನು ಗ್ರಾಫ್ ಹಾಳೆಗೆ ಬನ್ನಿ. 10 ಸೆಂ.ಮೀ. ಬದಿಯ ಚೌಕವನ್ನು 10.1ಕ್ಕೆ ಹಿಗ್ಗಿಸಿದರೆ ವಿಸ್ತೀರ್ಣ 2.01 ಹೆಚ್ಚುತ್ತದೆ. ಇದನ್ನು 0.1ರಿಂದ ಭಾಗಿಸಿದರೆ 20.1. ಬದಿಯನ್ನು 10.01 ಮಾತ್ರ ಮಾಡಿದರೆ 20.01. ಹೆಚ್ಚಳ ಸಣ್ಣದಾದಷ್ಟೂ ಮೂಲೆಯ ತುಂಡು ಕರಗುತ್ತಾ ಹೋಗಿ, ಎರಡು ಬದಿಗಳ 20 ಮಾತ್ರ ಉಳಿಯುತ್ತದೆ. ಎಕ್ಸ್ ವರ್ಗದ ಅವಕಲನ ಎರಡು ಎಕ್ಸ್ ಎಂದು ಪುಸ್ತಕ ಹೇಳುವುದು ಇದನ್ನೇ.

ಎರಡನೆಯದು ದಂಬೆ ಮತ್ತು ಗೋಲಿ. ಅಡಿಕೆ ಮರ ಸೀಳಿ ಮಾಡಿದ ದಂಬೆಯನ್ನು ಒಳಗೆ ನಯಮಾಡಿ, ಸ್ವಲ್ಪ ಓರೆಯಾಗಿ ಇಟ್ಟು ಗೋಲಿ ಬಿಡುವುದು. ಒಬ್ಬ ಸೆಕೆಂಡಿಗೊಮ್ಮೆ ಚಪ್ಪಾಳೆ ತಟ್ಟಬೇಕು, ಉಳಿದವರು ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಮೊದಲ ಸೆಕೆಂಡಿಗೆ 20 ಸೆಂ.ಮೀ. ಹೋದರೆ, ಎರಡರ ಹೊತ್ತಿಗೆ ಹೆಚ್ಚುಕಡಿಮೆ 80, ಮೂರರ ಹೊತ್ತಿಗೆ 180. ಇಟಲಿಯ ಗೆಲಿಲಿಯೋ ಕೂಡ ಮರದಲ್ಲಿ ಕೊರೆದ ಹಾದಿಯಲ್ಲಿ ಕಂಚಿನ ಗುಂಡು ಉರುಳಿಸಿಯೇ ಈ ನಿಯಮ ಕಂಡದ್ದು. 1638ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಅದರ ವಿವರ ಇದೆ. ನಿಯಮ ಸಿಕ್ಕಿದ ಮೇಲೆ ಉಳಿದದ್ದು ಕಾಗದದ ಲೆಕ್ಕ. ಎರಡನೇ ಸೆಕೆಂಡಿನಿಂದ ಮುಂದಿನ ಒಂದು ಸೆಕೆಂಡಿನ ಸರಾಸರಿ ವೇಗ 100. ಅರ್ಧ ಸೆಕೆಂಡು ಮಾತ್ರ ನೋಡಿದರೆ 90. ಹತ್ತನೇ ಒಂದು ಸೆಕೆಂಡಿಗೆ 82. ಹೀಗೆ ಇಳಿಯುತ್ತಾ 80ರ ಹತ್ತಿರ ಬರುತ್ತದೆ. ಬಸ್ಸಿನ ಮುಳ್ಳು ತೋರಿಸುವುದು ಇಂಥ ಸಂಖ್ಯೆಯನ್ನೇ.

ಮೂರನೆಯದು ಅಂಗಡಿಯವರಿಗೂ ಬೇಕಾದದ್ದು. ಹತ್ತು ರೂಪಾಯಿ ಅಸಲಿನ ಮಾಲನ್ನು 20ಕ್ಕೆ ಮಾರಿದರೆ ದಿನಕ್ಕೆ 100 ಹೋಗುತ್ತದೆ ಎನ್ನಿ. ಲಾಭ 1000 ರೂಪಾಯಿ. ಒಂದೊಂದು ರೂಪಾಯಿ ಏರಿಸಿದಾಗಲೂ ಐದೈದು ಗಿರಾಕಿ ಕಡಿಮೆ. ಎಲ್ಲಿ ನಿಲ್ಲಿಸಬೇಕು? ಮಕ್ಕಳೇ ಪಟ್ಟಿ ಮಾಡಿ ಗ್ರಾಫ್ ಬರೆಯಲಿ. 24 ರೂಪಾಯಿಗೆ ಲಾಭ 1120, 25ಕ್ಕೆ 1125, 26ಕ್ಕೆ ಪುನಃ 1120. ಗೆರೆ ಗುಡ್ಡದಂತೆ ಏರಿ ಇಳಿಯುತ್ತದೆ. ತುದಿಯಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಅವಕಲನ ಸೊನ್ನೆ. ಅತಿ ಆಸೆಗೆ ಬಿದ್ದವನ ಗಲ್ಲಾಪೆಟ್ಟಿಗೆ ಯಾಕೆ ಬಡವಾಗುತ್ತದೆ ಎಂಬುದಕ್ಕೂ ಇಲ್ಲೇ ಉತ್ತರ.

ಇದು ಬರೀ ವಿಲಾಯತಿ ವಿದ್ಯೆಯೂ ಅಲ್ಲ. ಜರ್ಮನಿಯ ಲೈಬ್ನಿಟ್ಸ್ ಈ ಗಣಿತವನ್ನು ಪ್ರಕಟಿಸಿದ್ದು 1684ರಲ್ಲಿ. ಅದಕ್ಕೂ ಐದು ಶತಮಾನ ಮೊದಲೇ, 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯರು ಗ್ರಹಗಳ ‘ತಾತ್ಕಾಲಿಕ ಗತಿ’ಯನ್ನು, ಅಂದರೆ ಆ ಕ್ಷಣದ ವೇಗವನ್ನು ಲೆಕ್ಕ ಹಾಕಿದ್ದರು. ಪಕ್ಕದ ಕೇರಳದಲ್ಲಿ 16ನೇ ಶತಮಾನದ ಜ್ಯೇಷ್ಠದೇವರು ದೊಡ್ಡ ದೊಡ್ಡ ಗಣಿತವನ್ನು ‘ಯುಕ್ತಿಭಾಷಾ’ದಲ್ಲಿ ವಿವರಿಸಿದ್ದು ಸಂಸ್ಕೃತದಲ್ಲಲ್ಲ, ಮಲಯಾಳದಲ್ಲಿ. ಜನರ ಮಾತಿನಲ್ಲಿ ಹೇಳಿದರೆ ಗಣಿತದ ಮರ್ಯಾದೆ ಹೋಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಸೂತ್ರ ಬೇಡ ಎಂದಲ್ಲ. ಪರೀಕ್ಷೆಯಲ್ಲಿ ಸೂತ್ರವೂ ಬೇಕು, ಇಂಗ್ಲಿಷೂ ಬೇಕು. ಆದರೆ ಮೊದಲು ಅಡಿಕೆ, ಆಮೇಲೆ ಎಕ್ಸ್. ಹತ್ತನೇ ಮುಗಿಸಿದ ಮಕ್ಕಳಿಗೆ ರಜೆಯಲ್ಲಿ ನಾಲ್ಕು ದಿನ ಇಂಥ ಆಟ ಆಡಿಸಿದರೆ ಖರ್ಚು ಒಂದು ಹಿಡಿ ಗೋಲಿ, ಒಂದು ಕಟ್ಟು ಗ್ರಾಫ್ ಹಾಳೆ. ಇಷ್ಟಕ್ಕೆ ಅನುದಾನ ಬರಲಿ ಎಂದು ಕಾಯಬೇಕೆ? ಶಾಲೆಯವರು, ಪಂಚಾಯತಿನವರು, ಪೋಷಕರು ಇತ್ತ ಗಮನ ಹರಿಸಲಿ.