ಹತ್ತಿಯ ತುದಿಯಲ್ಲಿದ್ದ ಹೆಂಗಸು

2007ರ ಏಪ್ರಿಲ್ 25ರ ಮಧ್ಯಾಹ್ನ ಜರ್ಮನಿಯ ಹೈಲ್‌ಬ್ರಾನ್ ಊರಿನ ಮೈದಾನವೊಂದರ ಪಕ್ಕ ಇಬ್ಬರು ಪೊಲೀಸರು ಗಸ್ತಿನ ಕಾರು ನಿಲ್ಲಿಸಿಕೊಂಡು ಕೂತಿದ್ದರು. ಹತ್ತಿರ ಬಂದವರು ನೇರ ತಲೆಗೇ ಗುಂಡು ಹೊಡೆದರು. 22 ವರ್ಷದ ಹೆಣ್ಣುಮಗಳು ಪ್ರಾಣ ಬಿಟ್ಟಳು. ಜೊತೆಗಿದ್ದ ತರುಣ ತಲೆಗೆ ಗುಂಡು ತಗುಲಿಯೂ ಬದುಕಿಕೊಂಡ. ಇಬ್ಬರ ಸೊಂಟದ ಪಿಸ್ತೂಲುಗಳೂ ಮಾಯವಾಗಿದ್ದವು.

ವಿಧಿವಿಜ್ಞಾನ ತಂಡದವರು ಕಾರನ್ನು ಇಂಚಿಂಚೂ ಪರೀಕ್ಷಿಸಿದರು. ಅವರ ಕೈಯಲ್ಲಿದ್ದ ಮುಖ್ಯ ಸಾಧನ ಬಲು ಸಾಧಾರಣದ್ದು: ಉದ್ದನೆಯ ಕಡ್ಡಿ, ಅದರ ತುದಿಗೆ ಸುತ್ತಿದ ಹತ್ತಿ. ಹತ್ತಿಯನ್ನು ಶುದ್ಧ ನೀರಿನಿಂದ ತುಸು ಒದ್ದೆ ಮಾಡಿ ಅನುಮಾನವಿದ್ದ ಜಾಗದ ಮೇಲೆ ತಿರುಗಿಸುತ್ತ ಒರೆಸಬೇಕು, ಒಣಗಿಸಿ ಸೀಲು ಮಾಡಿ ಪ್ರಯೋಗಾಲಯಕ್ಕೆ ಕಳಿಸಬೇಕು. ಉತ್ತರ ಬಂತು: ಡಿಎನ್ಎ ಒಬ್ಬ ಹೆಂಗಸಿನದು. ಆಕೆಯ ಗುರುತು ಪೊಲೀಸರ ಕಡತದಲ್ಲಿ ಮೊದಲೇ ಇತ್ತು, ಹೆಸರು ಮಾತ್ರ ಇರಲಿಲ್ಲ.

1993ರಲ್ಲಿ ಈಡರ್-ಓಬರ್‌ಸ್ಟೈನ್‌ನಲ್ಲಿ ಕೊಲೆಯಾದ ವೃದ್ಧೆಯ ಮನೆಯ ಚಹಾದ ಕಪ್ಪಿನ ಮೇಲೆ ಅದೇ ಡಿಎನ್ಎ ಸಿಕ್ಕಿತ್ತು. 2001ರಲ್ಲಿ ಫ್ರೈಬುರ್ಗ್‌ನಲ್ಲಿ ಕೊಲೆಯಾದ ಮುದುಕನ ಮನೆಯಲ್ಲೂ ಅದೇ. ಕಾಡಿನಲ್ಲಿ ಬಿದ್ದಿದ್ದ ಸಿರಿಂಜಿನಲ್ಲಿ, ಯಾರೋ ಕಚ್ಚಿ ಬಿಟ್ಟ ಬಿಸ್ಕತ್ತಿನ ಚೂರಿನಲ್ಲಿ, ಫ್ರಾನ್ಸಿನ ದರೋಡೆಯಲ್ಲಿ ಬಳಸಿದ ಆಟಿಕೆ ಪಿಸ್ತೂಲಿನಲ್ಲಿ ಅವಳೇ. ಆಸ್ಟ್ರಿಯಾದಲ್ಲೂ ಅವಳೇ. ಒಟ್ಟು ಸುಮಾರು ನಲವತ್ತು ಪ್ರಕರಣಗಳು. ಒಮ್ಮೆ ಕೊಲೆ, ಒಮ್ಮೆ ಚಿಲ್ಲರೆ ಕಳ್ಳತನ. ಅವುಗಳಲ್ಲಿ ಸಿಕ್ಕಿಬಿದ್ದವರು ಯಾರೂ ಅಂಥ ಹೆಂಗಸೊಬ್ಬಳು ತಮ್ಮ ಜೊತೆಗಿದ್ದಳು ಎನ್ನಲಿಲ್ಲ. ಪತ್ರಿಕೆಗಳು ಅವಳನ್ನು ‘ಹೈಲ್‌ಬ್ರಾನ್‌ನ ಭೂತ’ ಎಂದು ಕರೆದವು. ಸುಳಿವು ಕೊಟ್ಟವರಿಗೆ 3 ಲಕ್ಷ ಯೂರೋ ಬಹುಮಾನವೆಂದು ಸಾರಲಾಯಿತು.

ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಖಾಲಿ ಜಾಗ. ಬವೇರಿಯಾ ಪ್ರಾಂತ್ಯದಲ್ಲಿ ಆ ಭೂತದ ಸುಳಿವೇ ಇರಲಿಲ್ಲ. ಪಕ್ಕದ ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಓಡಾಡಿದ್ದಾಳೆ, ಆಚೆಯ ಆಸ್ಟ್ರಿಯಾಕ್ಕೂ ಹೋಗಿ ಬಂದಿದ್ದಾಳೆ. ನಡುವಿನ ಬವೇರಿಯಾದಲ್ಲಿ ಮಾತ್ರ ಹೆಜ್ಜೆಯನ್ನೇ ಇಟ್ಟಿಲ್ಲ. ಕಣ್ಣೆದುರಿಗೇ ಇದ್ದ ಈ ಮಾತಿಗೆ ಅರ್ಥ ಸಿಕ್ಕಿದ್ದು ತಡವಾಗಿ.

ಗುಟ್ಟು ಒಡೆದದ್ದು 2009ರ ಮಾರ್ಚ್‌ನಲ್ಲಿ, ಈ ಕೊಲೆಗೆ ಸಂಬಂಧವೇ ಇಲ್ಲದ ಒಂದು ಕೆಲಸದಿಂದ. ಸುಟ್ಟುಹೋಗಿದ್ದ ಶವವೊಂದರ ಗುರುತು ಹಿಡಿಯಬೇಕಿತ್ತು. ಅದು ಆಶ್ರಯ ಕೋರಿ ಬಂದಿದ್ದ ಒಬ್ಬ ಗಂಡಸಿನದಿರಬಹುದೆಂಬ ಊಹೆಯಿತ್ತು. ಅವನು ಹಿಂದೆ ಅರ್ಜಿಯ ಜೊತೆ ಒತ್ತಿದ್ದ ಬೆರಳಗುರುತಿನ ಮೇಲೆ ಹತ್ತಿ ಆಡಿಸಿ ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ ಹೆಂಗಸಿನದು. ಅದೂ ಅದೇ ಹೆಂಗಸಿನದು. ಗಂಡಸು ಒತ್ತಿದ ಬೆರಳಿನಡಿ ಹೆಂಗಸಿನ ಡಿಎನ್ಎ ಇರಲು ಸಾಧ್ಯವೇ? ಬೇರೆ ಕಡ್ಡಿ ತೆಗೆದುಕೊಂಡು ಮತ್ತೆ ಒರೆಸಿದರು. ಈ ಸಲ ಅವಳು ಇರಲಿಲ್ಲ.

ಅಂದರೆ ಅವಳು ಇದ್ದದ್ದು ಕಾಗದದ ಮೇಲಲ್ಲ, ಕಾರಿನಲ್ಲಲ್ಲ, ಕಪ್ಪಿನಲ್ಲೂ ಅಲ್ಲ. ಹತ್ತಿಯಲ್ಲಿದ್ದಳು! ಕಡ್ಡಿಗಳನ್ನು ತಯಾರಿಸಿ ಪೊಟ್ಟಣ ಕಟ್ಟುವ ಕಡೆ ಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳ ಡಿಎನ್ಎ ಅದು. ಸಂಬಳಕ್ಕೆ ದುಡಿಯುತ್ತಿದ್ದ ಆ ಜೀವಕ್ಕೆ ತನ್ನನ್ನು ಮೂರು ದೇಶಗಳ ಪೊಲೀಸರು ಹುಡುಕುತ್ತಿರುವುದು ಗೊತ್ತಾಗುವುದಾದರೂ ಹೇಗೆ? ಬವೇರಿಯಾದವರು ತಮ್ಮ ಕಡ್ಡಿಗಳನ್ನು ಬೇರೆ ಕಡೆಯಿಂದ ತರಿಸುತ್ತಿದ್ದರು. ಖಾಲಿ ಜಾಗದ ಅರ್ಥ ಅಷ್ಟೇ.

ಆ ಪೊಟ್ಟಣಗಳ ಕಡ್ಡಿಗಳು ಕ್ರಿಮಿಶುದ್ಧವಾಗಿದ್ದವು, ಅದರಲ್ಲಿ ಸುಳ್ಳಿರಲಿಲ್ಲ. ಆಸ್ಪತ್ರೆಗೆ ಅಷ್ಟು ಸಾಕು. ಆದರೆ ಕ್ರಿಮಿಯನ್ನು ಕೊಲ್ಲುವುದು ಬೇರೆ, ಡಿಎನ್ಎ ಅಳಿಸುವುದು ಬೇರೆ. ಹಾಲು ಕಾಯಿಸಿದ ಪಾತ್ರೆಯನ್ನು ಎಷ್ಟೇ ಕುದಿಸಿದರೂ ತಳದ ಸೀಕಲು ಹೋಗುವುದಿಲ್ಲವಲ್ಲ, ಹಾಗೆ. ಸತ್ತ ಚರ್ಮದ ಕಣದಲ್ಲೂ ಡಿಎನ್ಎ ಓದಲು ಬರುವಂತೆ ಉಳಿದಿರುತ್ತದೆ. 1984ರಲ್ಲಿ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಡಿಎನ್ಎ ಬೆರಳಚ್ಚು ಕಂಡುಹಿಡಿದಾಗ ಪರೀಕ್ಷೆಗೆ ಒಳ್ಳೆಯ ಗಾತ್ರದ ಕಲೆಯೇ ಬೇಕಿತ್ತು, ಪೊಟ್ಟಣ ಕಟ್ಟುವವರ ಬೆವರು ಅಂಥ ಪರೀಕ್ಷೆಯ ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದು ಎಳೆಯನ್ನು ಲಕ್ಷಾಂತರ ಪ್ರತಿಗಳಾಗಿ ಬೆಳೆಸುವ ಪಿಸಿಆರ್ ವಿಧಾನ ಬಂದ ಮೇಲೆ ಬೆರಳೆಣಿಕೆಯ ಜೀವಕೋಶಗಳೂ ಮಾತಾಡತೊಡಗಿದವು. ಕಿವಿ ಚುರುಕಾದಷ್ಟೂ ತನ್ನದೇ ಉಸಿರಾಟ ದೊಡ್ಡದಾಗಿ ಕೇಳುತ್ತದೆ.

ಘಟನಾ ಸ್ಥಳದಲ್ಲಿ ವಿಧಿವಿಜ್ಞಾನದವರು ಮೈತುಂಬ ಬಿಳಿ ಉಡುಪು ತೊಟ್ಟು, ಬಾಯಿ ಮುಚ್ಚಿ, ಒಂದು ವಸ್ತು ಮುಟ್ಟಿದ ಮೇಲೆ ಕೈಗವಸು ಬದಲಿಸಿಯೇ ಇನ್ನೊಂದನ್ನು ಮುಟ್ಟುವುದನ್ನು ಕಂಡು ‘ಇಷ್ಟೊಂದು ಮಡಿ ಯಾಕೆ’ ಎನ್ನುವವರಿದ್ದಾರೆ. ಅವರಿಗೆ ನಾನು ಈ ಕತೆ ಹೇಳುತ್ತೇನೆ. ಯಾವುದನ್ನೂ ಒರೆಸದ ಕಡ್ಡಿಯೊಂದನ್ನು ಮಿಕ್ಕವುಗಳ ಜೊತೆಗೇ ಪರೀಕ್ಷೆಗೆ ಕಳಿಸುವ ಪದ್ಧತಿಯಿದೆ. ಅದರಲ್ಲಿ ಯಾರಾದರೂ ಕಾಣಿಸಿಕೊಂಡರೆ ಅವರು ಕೊಲೆಗಾರರಲ್ಲ, ಕಡ್ಡಿಯ ಜೊತೆ ಬಂದವರು. ತನಿಖಾ ತಂಡದ ಸದಸ್ಯರ ಡಿಎನ್ಎ ಪಟ್ಟಿಯನ್ನೂ ಇಟ್ಟುಕೊಳ್ಳುತ್ತಾರೆ, ಅವರ ಗುರುತು ಬಂದರೆ ಬದಿಗಿಡಲೆಂದು. 2016ರಲ್ಲಿ ಐಎಸ್ಒ 18385 ಎಂಬ ಅಂತರರಾಷ್ಟ್ರೀಯ ಮಾನಕ ಬಂತು. ಸಾಕ್ಷ್ಯ ಸಂಗ್ರಹದ ಕಡ್ಡಿ, ಡಬ್ಬಿ, ಚೀಲಗಳನ್ನು ತಯಾರಿಸುವ ಕಡೆಯೇ ಮನುಷ್ಯರ ಡಿಎನ್ಎ ಸೇರದಂತೆ ಕಾಯಬೇಕೆನ್ನುವುದು ಅದರ ತಿರುಳು. ಎಚ್ಚರಿಕೆ ಶುರುವಾಗಬೇಕಾದದ್ದು ಹಳದಿ ಟೇಪು ಕಟ್ಟಿದ ಜಾಗದಲ್ಲಲ್ಲ, ಅದಕ್ಕೂ ಎಷ್ಟೋ ಮುಂಚೆ.

ನನಗೆ ನೋವಾಗುವುದು ಕಳೆದುಹೋದ ಆ ಎರಡು ವರ್ಷಗಳ ಬಗ್ಗೆ. ಇಲ್ಲದ ಹೆಂಗಸಿನ ಬೆನ್ನು ಹತ್ತಿದ ತನಿಖೆ, ನಡುವೆ ಏನೂ ತಪ್ಪು ಮಾಡದ ರೋಮಾ ಜನರ ಮೇಲೂ ಸಂಶಯದ ನೆರಳು ಚಾಚಿತು. ಅಲೆಮಾರಿಗಳೆಂದು ಹಿಂದಿನಿಂದ ದೂರವಿಟ್ಟವರ ಹೆಗಲಿಗೆ ಇನ್ನೊಂದು ಹೊರೆ. ಕೊಂದವರೋ, ಹಾಯಾಗಿ ಓಡಾಡಿಕೊಂಡಿದ್ದರು.

2011ರ ನವೆಂಬರ್ 4ರಂದು ಐಸೆನಾಖ್ ಊರಿನಲ್ಲಿ ಬ್ಯಾಂಕ್ ದರೋಡೆಯಾಯಿತು. ಪೊಲೀಸರು ಹುಡುಕುತ್ತ ಹೋದಾಗ ಮನೆಯಂತೆ ಸಜ್ಜುಗೊಳಿಸಿದ್ದ ವಾಹನವೊಂದು ಹೊತ್ತಿ ಉರಿಯುತ್ತಿತ್ತು. ಒಳಗೆ ಇಬ್ಬರು ಗಂಡಸರ ಶವಗಳು. ವಲಸಿಗರನ್ನು ಹುಡುಕಿ ಕೊಲ್ಲುತ್ತಿದ್ದ ಎನ್ಎಸ್‌ಯು ಎಂಬ ನವನಾಜಿ ಗುಂಪಿನವರು ಅವರು. ಬೂದಿ, ಮಸಿಯ ನಡುವೆ ಹೈಲ್‌ಬ್ರಾನ್‌ನ ಆ ಇಬ್ಬರು ಪೊಲೀಸರ ಪಿಸ್ತೂಲುಗಳು ಸಿಕ್ಕವು.